ಗೆದ್ದ ಬಟ್ಟೆ ತೊಳೆಯಬಾರದು

ಕೊರೋನಾ ಮುಗಿದ ಮೇಲಿನ ಎರಡನೇ ಬೇಸಿಗೆ. ಆಗ ನಾನು ಕಲಬುರಗಿಯಲ್ಲಿ ಹುಡುಗಿಯರ ಒಂದು ಐಸ್-ಹಾಕಿ ತಂಡದ ಕಿಟ್ ಆಯಾ. ಕಿಟ್ ಅಂದರೆ ಆಟಗಾರರ ಬಟ್ಟೆ, ಪ್ಯಾಡು, ಕೈಗವಸು, ಹೆಲ್ಮೆಟ್ಟು. ಅವನ್ನು ಒಗೆಯುವುದು, ಒಣಗಿಸುವುದು, ಹರಿದರೆ ಹೊಲಿಯುವುದು ನನ್ನ ಕೆಲಸ. ಓದಿದ್ದು ನಾಲ್ಕನೇ ಇಯತ್ತೆ. ಅದಕ್ಕೂ ಮೊದಲು ಒಂದು ಹಾಸ್ಟೆಲ್‌ನ ಚಾದರ ಒಗೆಯುತ್ತಿದ್ದೆ. ಬಟ್ಟೆ ಬದಲಾದವು, ಕೆಲಸ ಅದೇ.

ಕಲಬುರಗಿಗೆ ಐಸ್ ಎಲ್ಲಿಂದ ಬಂತು ಅಂತ ಜನ ನಗುತ್ತಾರೆ. ನಾನೂ ನಕ್ಕಿದ್ದೆ. ನಮ್ಮಲ್ಲಿ ಐಸ್ ಅಂದರೆ ಕಬ್ಬಿನ ಹಾಲಿಗೆ ಹಾಕುವುದು, ಮೀನಿನ ಮೇಲೆ ಹಾಕುವುದು, ಊರಿಂದ ಮಗ ಬರುವತನಕ ಹೆಣದ ಕೆಳಗೆ ಇಡುವುದು. ತೊಗರಿ ದಾಲ್ ಮಿಲ್ಲಿನ ಸಾಹುಕಾರರೊಬ್ಬರ ಮಗಳಿಗೆ ಸ್ಕೇಟಿಂಗ್ ಹುಚ್ಚಿತ್ತು. ಮಗಳು ಮದುವೆಯಾಗಿ ಹೋದಳು, ಹುಚ್ಚು ಅಪ್ಪನಿಗೆ ಹತ್ತಿತು. ಹುಮನಾಬಾದ್ ರಸ್ತೆಯ ಖಾಲಿ ಗೋದಾಮಿನ ನೆಲ ನುಣ್ಣಗೆ ಮಾಡಿಸಿ ತಂಡ ಕಟ್ಟಿದರು. ಹುಡುಗಿಯರು ಅಲ್ಲಿ ಚಕ್ರದ ಬೂಟು ಹಾಕಿ ಆಡುತ್ತಿದ್ದರು, ಅದಕ್ಕೆ ಇನ್‌ಲೈನ್ ಸ್ಕೇಟ್ ಅನ್ನುತ್ತಾರೆ. ಆಟ ಒಂದೇ. ಕೋಲು, ಕರೀ ರಬ್ಬರಿನ ಬಿಲ್ಲೆ, ಗೋಲು. ಚಳಿಗಾಲಕ್ಕೆ ಉತ್ತರದ ಕಡೆ ಹೋಗಿ ನಿಜವಾದ ಐಸ್ ಮೇಲೆ ಆಡಬೇಕೆಂಬುದು ಆಸೆ. ತಿಂಗಳ ಪಗಾರ ಇತ್ತು. ಅದಕ್ಕೇ ಪ್ರೊಫೆಷನಲ್ ತಂಡ ಅನ್ನುತ್ತಿದ್ದರು. ಗೆಲುವು ಮಾತ್ರ ಇರಲಿಲ್ಲ.

ಗೋಲ್‌ಕೀಪರ್ ಭಾಗ್ಯ, ಕಮಲಾಪುರದ ಹುಡುಗಿ. ತಾಯಿ ಅಲ್ಲಿನ ಬಸ್ ಸ್ಟ್ಯಾಂಡ್ ಎದುರು ಕೆಂಪು ಬಾಳೆಹಣ್ಣು ಮಾರುತ್ತಿದ್ದಳು. ಇವಳು ದಿನಾ ಬಸ್ಸಿಗೆ ಬಂದು ಹೋಗುವವಳು. ಮಾತು ಕಡಿಮೆ, ಹಟ ಜಾಸ್ತಿ. ಕ್ಯಾಪ್ಟನ್ ಶಾಹೀನ್ ಮೋಮಿನಪುರದವಳು. ಅವಳಪ್ಪನದು ಸಣ್ಣ ಹೋಟೆಲ್. ಭಾಗ್ಯ ನನಗೆ ಆಯಿ ಅನ್ನುತ್ತಿದ್ದಳು, ಶಾಹೀನ್ ನಾನಿ ಅನ್ನುತ್ತಿದ್ದಳು. ಇಬ್ಬರ ಬಟ್ಟೆಯ ಹೊಲಸೂ ಒಂದೇ.

ಆ ಬೇಸಿಗೆಗೆ ಆಯ್ಕೆಯ ಪಂದ್ಯಗಳು ನಮ್ಮ ಗೋದಾಮಿನಲ್ಲೇ ನಡೆದವು. ಸುತ್ತಲಿನ ರಾಜ್ಯಗಳಿಂದ ತಂಡಗಳು ಬಂದವು. ಕೊನೆಗೆ ಗೆದ್ದವರಿಗೆ ಐಸ್ ಮೇಲೆ ಆಡುವ ಅವಕಾಶ. ಮೇಲೆ ತಗಡು, ಹೊರಗೆ ನಮ್ಮ ಬಿಸಿಲು. ಗೋಲ್‌ಕೀಪರ್ ಕಾಲಿಗೆ ಕಟ್ಟುವ ಪ್ಯಾಡು ದಿಂಬಿನಷ್ಟು ದಪ್ಪ, ಒಳಗೆಲ್ಲ ಸ್ಪಂಜು. ಆಟ ಮುಗಿಸಿ ಭಾಗ್ಯ ಅದನ್ನು ಬಿಚ್ಚಿದರೆ ಬೆವರು ನೆಲಕ್ಕೆ ಸುರಿಯುತ್ತಿತ್ತು.

ಮೊದಲ ಪಂದ್ಯ ಸಮಸಮ ಆಯಿತು. ಹಂಗಾದರೆ ಶೂಟ್-ಔಟ್ ಇರುತ್ತದೆ. ಎದುರಿನವರು ಒಬ್ಬೊಬ್ಬರಾಗಿ ಬಿಲ್ಲೆ ತಗೊಂಡು ಬರುತ್ತಾರೆ, ಗೋಲ್‌ಕೀಪರ್ ಒಬ್ಬಳೇ ತಡೆಯಬೇಕು. ಕೊನೆಯ ಹೊಡೆತಕ್ಕೆ ಭಾಗ್ಯ ನೆಲಕ್ಕೆ ಬಿದ್ದು ಎಡಗಾಲು ಚಾಚಿದಳು. ಬಿಲ್ಲೆ ಪ್ಯಾಡಿಗೆ ಬಡಿದು ಹೊರಗೆ ಹೋಯಿತು. ತಂಡದ ಮೊದಲ ಗೆಲುವು. ಸಾಹುಕಾರರು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು.

ನಾನು ಬುಟ್ಟಿ ತಗೊಂಡು ಬಟ್ಟೆ ಎತ್ತಲು ಹೋದರೆ ಶಾಹೀನ್ ಅಡ್ಡ ನಿಂತಳು.

“ನಾನಿ, ಹಾಥ್ ಮತ್ ಲಗಾವ್. ಗೆದ್ದ ಬಟ್ಟಿ ತೊಳ್ಯಾಂಗಿಲ್ಲ.”

ಈ ಆಟದವರಲ್ಲಿ ಹಂಗೊಂದು ಪದ್ಧತಿ ಇದೆಯಂತೆ. ಗೆಲ್ಲುತ್ತಾ ಹೋದಷ್ಟು ದಿನ ಕಿಟ್ ತೊಳೆಯಬಾರದು, ತೊಳೆದರೆ ಗೆಲುವು ನೀರಿಗೆ ಹೋಗುತ್ತದೆ. ಗುಡ್ಡದ ಸೀಮೆಯಿಂದ ಬಂದ ಕೋಚ್ ಅದನ್ನು ತಂದಿದ್ದ. ನಮ್ಮ ಹುಡುಗಿಯರು ಅದಕ್ಕೆ ಇನ್ನಷ್ಟು ಸೇರಿಸಿದರು. ಚೀಲಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಭಾಗ್ಯ ಪ್ಯಾಡಿಗೆ ವಿಭೂತಿ ಹಚ್ಚಿದಳು. ನಮ್ಮವ್ವನೂ ಊರಿಗೆ ಹೊರಟವರ ಬೆನ್ನಿಗೆ ಕಸ ಗುಡಿಸುತ್ತಿರಲಿಲ್ಲ. ಹಂಗಾಗಿ ನನಗೆ ವಿಚಿತ್ರ ಅನ್ನಿಸಲಿಲ್ಲ. ನಾರುತ್ತದೆ, ಅಷ್ಟೇ ಅನ್ನಿಸಿತು.

“ನೀವು ಗೆಲ್ಲೋದು ಆಟದಿಂದಲ್ಲ, ನಾತದಿಂದ” ಅಂದೆ.

“ಹೆಂಗರ ಆಗ್ಲಿ, ಗೆದ್ರ ಸಾಕು” ಅಂದಳು ಶಾಹೀನ್.

ಎರಡನೇ ಪಂದ್ಯ ಗೆದ್ದರು. ಮೂರನೆಯದೂ ಗೆದ್ದರು. ಉಳಿದದ್ದು ಫೈನಲ್. ಹಿಂದಿನ ದಿನ ಮಧ್ಯಾಹ್ನ ಚೀಲಗಳನ್ನು ನೆರಳಿಗೆ ಸರಿಸುವಾಗ ಭಾಗ್ಯಳ ಪ್ಯಾಡು ಜಾರಿ ಬಿತ್ತು. ಒಳಗೆ, ಮೊಣಕಾಲಿನ ಹಿಂದೆ ಪಟ್ಟಿ ಬಿಗಿಯುವ ಜಾಗದಲ್ಲಿ, ಹಳದಿ ಕಲೆ. ಬೆವರಿನ ನಾತ ಬೇರೆ, ಕೀವಿನ ನಾತ ಬೇರೆ. ಮನೆಯಲ್ಲಿ ಮುದುಕರನ್ನು ನೋಡಿಕೊಂಡ ಯಾವ ಹೆಂಗಸಿಗೂ ಅದು ಗೊತ್ತು.

“ಕಾಲು ತೋರ್ಸು” ಅಂದೆ.

“ಸೊಳ್ಳಿ ಕಚ್ಚ್ಯಾದ ಆಯಿ. ಅರಿಶಿಣ ಹಚ್ಚೀನಿ.”

“ತೋರ್ಸು ಅಂದ್ರ ತೋರ್ಸು.”

ಪಟ್ಟಿ ಉಜ್ಜಿ ಉಜ್ಜಿ ಚರ್ಮ ಎದ್ದಿತ್ತು. ಮೇಲೆ ಅರಿಶಿಣದ ಹೆಕ್ಕಳಿಕೆ, ಕೆಳಗೆ ಕೀವು. ಸುತ್ತ ಕೆಂಪಾಗಿ ಬಾತಿತ್ತು. ಮುಟ್ಟಿದರೆ ಬಿಸಿ.

“ಯಾರಿಗೂ ಹೇಳಬ್ಯಾಡ” ಅಂದಳು. “ಡಾಕ್ಟರು ಕುಂದರ್ಸಿಬಿಡ್ತಾರ. ಎರಡನೇ ಕೀಪರ್ ಆಡ್ತಾಳ. ಗೆದ್ರ ಅಕಿನ್ನೇ ಐಸಿಗೆ ಕರ್ಕೊಂಡು ಹೋಗ್ತಾರ.”

“ಸೋತ್ರ?”

“ಸೋತ್ರ ಯಾರೂ ಹೋಗಂಗಿಲ್ಲ.”

ನಾನು ಕೋಚ್‌ಗೆ ಹೇಳಿದೆ. ಅವನು ಕೆಟ್ಟ ಮನುಷ್ಯನಲ್ಲ. ಬಂದು ನೋಡಿದ, ಮುಖ ಸಣ್ಣ ಮಾಡಿದ. ಭಾಗ್ಯ ಅವನೆದುರು ಕುಣಿದು ತೋರಿಸಿದಳು. “ನಾಳೆ ಮ್ಯಾಚ್ ಆಗ್ಲಿ, ಆಮ್ಯಾಲೆ ಸೀದಾ ಡಾಕ್ಟರ್” ಅಂದ, ತನಗೆ ಬರುವಷ್ಟು ಕನ್ನಡದಲ್ಲಿ. ಶಾಹೀನ್ ನನ್ನ ಕೈ ಹಿಡಿದಳು. “ಏಕ್ ದಿನ್ ಕಿ ಬಾತ್ ಹೈ ನಾನಿ, ಒಂದೇ ದಿನ.”

ಎಲ್ಲರೂ ಚಹಾಕ್ಕೆ ಹೋದಾಗ ನಾನು ಆ ಪ್ಯಾಡುಗಳನ್ನು ಸೋಪಿನ ನೀರಿನ ಟಬ್ಬಿಗೆ ಅದ್ದಿ ಮೇಲೆ ಕಲ್ಲು ಹೇರಿದೆ. ಹೊಲಸು ಹೋಗಲಿ ಅಂತಲ್ಲ. ಅಷ್ಟು ದಪ್ಪ ಸ್ಪಂಜು ಮರುದಿನಕ್ಕೆ ಒಣಗುವುದಿಲ್ಲ. ಹಸಿ ಪ್ಯಾಡು ಕಟ್ಟಿಕೊಂಡು ಯಾರು ಆಡುತ್ತಾರೆ, ತಾನಾಗಿ ಕೂತುಕೊಳ್ಳುತ್ತಾಳೆ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಗೋದಾಮಿನಲ್ಲಿ ಒಬ್ಬರೂ ನನ್ನ ಜೊತೆ ಮಾತಾಡಲಿಲ್ಲ. ಶಾಹೀನ್ ಮಾತ್ರ ಒಮ್ಮೆ ಬಾಯಿ ಬಿಟ್ಟಳು.

“ನಿನ್ನ ಮೊಮ್ಮಗಳು ಆಗಿದ್ರೂ ಹಿಂಗ ಮಾಡ್ತಿದ್ದ್ಯಾ?”

“ಅಕಿಗಾದ್ರ ಎರಡು ಬಡೀತಿದ್ದೆ” ಅಂದೆ.

ಭಾಗ್ಯ ಪ್ಯಾಡುಗಳನ್ನು ಟಬ್ಬಿನಿಂದ ಎತ್ತಿದಳು. ಪ್ಯಾಡಿನ ಮೇಲೆ ನಿಂತು ತುಳಿದು ನೀರು ಹಿಂಡಿದಳು. ಎರಡನೇ ಕೀಪರ್ ತನ್ನ ಪ್ಯಾಡು ಕಟ್ಟುತ್ತಾ ಕೂತಿದ್ದಳು. ಭಾಗ್ಯ ಅವಳ ಕಡೆ ನೋಡದೆ ಹಸಿ ಪ್ಯಾಡು ಕಟ್ಟಿ, ಪಟ್ಟಿ ಹಲ್ಲಿನಿಂದ ಎಳೆದು ಬಿಗಿದು, ಗೋಲಿನಲ್ಲಿ ಹೋಗಿ ನಿಂತಳು. ಕೋಚ್ ತಡೆಯಲಿಲ್ಲ.

ಆ ಆಟದ ಮಾತು ತಂಡದವರು ಈಗಲೂ ಹೇಳುತ್ತಾರೆ. ಅಷ್ಟು ಹೊಡೆತ ತಡೆದ ಕೀಪರ್ ಇನ್ನೊಬ್ಬಳಿಲ್ಲ ಅನ್ನುತ್ತಾರೆ. ನನಗೆ ಕಂಡದ್ದು ಬೇರೆ. ಬಿಡುವಿನಲ್ಲಿ ಎಲ್ಲರೂ ಬೆವರಿದ್ದರು, ಅವಳು ನಡುಗುತ್ತಿದ್ದಳು. ಒಂದೇ ಗೋಲಿನಿಂದ ಗೆದ್ದರು. ಹುಡುಗಿಯರು ಓಡಿ ಹೋಗಿ ಅವಳ ಮೇಲೆ ಬಿದ್ದರು. ಎಲ್ಲರೂ ಎದ್ದ ಮೇಲೂ ಅವಳು ಏಳಲಿಲ್ಲ.

ಸಾಹುಕಾರರ ಕಾರಿನಲ್ಲೇ ಆಸ್ಪತ್ರೆಗೆ ಒಯ್ದೆವು. ಪ್ಯಾಡು ಬಿಚ್ಚಿದಾಗ ಕೆಂಪು ಬಾವು ತೊಡೆಯತನಕ ಏರಿತ್ತು, ನಡುವೆ ಚರ್ಮ ಕಪ್ಪಗಾಗಿತ್ತು. ಅದಕ್ಕೆ ನೆಕ್ರೋಟೈಸಿಂಗ್ ಇನ್ಫೆಕ್ಷನ್ ಅಂತ ಹೆಸರು, ಚರ್ಮದ ಕೆಳಗಿನ ಮಾಂಸ ಸಾಯುತ್ತಾ ಹೋಗುತ್ತದೆ ಅಂತ ಡಾಕ್ಟರಮ್ಮ ತಿಳಿಸಿ ಹೇಳಿದರು. ಒಮ್ಮೆ ಕೊಯ್ದು ತೆಗೆದರು. ಮತ್ತೆ ಕೊಯ್ದರು. ಭಾಗ್ಯಳ ತಾಯಿ ಕಮಲಾಪುರದಿಂದ ಬಂದಾಗ ಮೂರನೇ ಸಲ ಒಳಗೆ ಒಯ್ಯುತ್ತಿದ್ದರು.

“ಕಾಲು ಉಳಿಸಾಕ ನೋಡಿದ್ರ ಹುಡುಗಿ ಉಳ್ಯಾಂಗಿಲ್ರೀ” ಅಂದರು ಡಾಕ್ಟರಮ್ಮ.

ತಾಯಿ ಹೆಬ್ಬೆಟ್ಟು ಒತ್ತಿದಳು. ಎಡಗಾಲು ಮೊಣಕಾಲಿನ ಮೇಲಿಂದಲೇ ಹೋಯಿತು.

ಹಸಿ ಪ್ಯಾಡಿನಿಂದ ಹಿಂಗಾಯಿತೇನ್ರೀ ಅಂತ ನಾನು ಡಾಕ್ಟರಮ್ಮನನ್ನು ನೇರವಾಗಿ ಕೇಳಿದೆ. ನಂಜು ಮೊದಲೇ ಒಳಗೆ ಇಳಿದಿತ್ತು, ಇದು ಎಷ್ಟು ಸೇರಿಸಿತು ಅಂತ ಯಾರೂ ಹೇಳಲಾರರು ಅಂದರು. ಅದಕ್ಕಿಂತ ಹೆಚ್ಚು ನಾನು ಕೇಳಲಿಲ್ಲ.

ಚಳಿಗಾಲಕ್ಕೆ ತಂಡ ಐಸಿಗೆ ಹೋಯಿತು, ಎರಡನೇ ಕೀಪರ್ ಜೊತೆ. ಸೋತು ಬಂದರು. ಆಟ ಅಂದ ಮೇಲೆ ಸೋಲೂ ಇರುತ್ತದೆ. ಭಾಗ್ಯಳ ಪ್ಯಾಡುಗಳನ್ನು ಗೋದಾಮಿನ ಗೋಡೆಗೆ ತೂಗುಹಾಕಿ ಹಾರ ಹಾಕಬೇಕೆಂದು ಸಾಹುಕಾರರ ಮನಸ್ಸು. ಅವಳನ್ನು ಕೇಳಿಕೊಂಡು ಬಾ ಅಂತ ನನ್ನನ್ನೇ ಕಮಲಾಪುರಕ್ಕೆ ಕಳಿಸಿದರು.

ಸಂತೆಯ ದಿನ. ಭಾಗ್ಯ ತಾಯಿಯ ಜಾಗದಲ್ಲಿ ಸ್ಟೂಲಿನ ಮೇಲೆ ಕೂತು ಹಣ್ಣು ಮಾರುತ್ತಿದ್ದಳು. ಊರುಗೋಲು ಬುಟ್ಟಿಗೆ ಒರಗಿಸಿದ್ದಳು. ಪಕ್ಕದಲ್ಲಿ ಕೂತೆ. ಗಿರಾಕಿ ಹೋದ ಮೇಲೆ ಸಾಹುಕಾರರ ಮಾತು ಹೇಳಿದೆ.

“ಹಾರ ಸತ್ತೋರಿಗೆ ಹಾಕ್ತಾರ” ಅಂದಳು. “ಸುಟ್ಟುಬಿಡು ಅನ್ನು.”

“ಅನ್ತೀನಿ.”

ಒಂದು ಗೊನೆ ಬಿಡಿಸಿದಳು, ಕೆಟ್ಟ ಹಣ್ಣು ಕಿತ್ತು ಆಚೆ ಎಸೆದಳು.

“ಆಯಿ, ತೊಳೆದ ಮ್ಯಾಲೂ ಗೆದ್ವಲ್ಲ.”

“ಹೌದು.”

“ಹಂಗಾದ್ರ ಮೊದಲನೇ ದಿನಾನೇ ತೊಳೆದಿದ್ರ?”

“ಆಗೂ ಗೆಲ್ತಿದ್ರೇನೋ. ಗಾಯಾನೂ ನಮ್ಮ ಕಣ್ಣಿಗೆ ಬೀಳ್ತಿತ್ತು. ನೀವು ಬ್ಯಾಡ ಅಂದ್ರಿ.”

“ಅಂದ್ವಿ” ಅಂದಳು. ಆಮೇಲೆ ಬಂದ ಗಿರಾಕಿಗೆ ದರ ಹೇಳಿದಳು.

ಆ ಗೋದಾಮಿನಲ್ಲಿ ಈಗಲೂ ಹುಡುಗಿಯರು ಆಡುತ್ತಾರೆ, ನಾನು ಈಗಲೂ ಒಗೆಯುತ್ತೇನೆ. ಗೆಲ್ಲಲಿ, ಸೋಲಲಿ, ಅದೇ ಸಂಜೆ ಒಗೆಯುತ್ತೇನೆ. ಹೊಸದಾಗಿ ಬಂದವರು ಮುಖ ಸಿಂಡರಿಸುತ್ತಾರೆ. ಒಗೆಯುವುದಕ್ಕೂ ಮೊದಲು ಒಬ್ಬೊಬ್ಬಳನ್ನೂ ಬೆಂಚಿನ ಮೇಲೆ ಕೂಡಿಸಿ ಪಾದದಿಂದ ತೊಡೆಯವರೆಗೆ ನೋಡುತ್ತೇನೆ. ಒಬ್ಬಳು ತಂಡ ಬಿಟ್ಟೇ ಹೋದಳು, ಈ ಮುದುಕಿಗೆ ನಾಚಿಕೆ ಇಲ್ಲ ಅಂತ. ಹೋಗಲಿ. ಎರಡು ಕಾಲಿನ ಮೇಲೆ ನಡೆದುಕೊಂಡು ಹೋದಳು.

ಬಟ್ಟೆ ಒಗೆಯುವುದು ನನ್ನ ಕೆಲಸ ಅಂತ ತಿಳಿದಿದ್ದೆ. ಆ ಬಟ್ಟೆ ತೊಟ್ಟ ಮೈಯನ್ನು ನೋಡುವುದೂ ಅದರಲ್ಲೇ ಸೇರಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಅದನ್ನು ಕಲಿಯುವುದಕ್ಕೆ ಒಂದು ಕಾಲು ಹೋಯಿತು, ಆ ಕಾಲು ನನ್ನದಲ್ಲ.