ಐದೂವರೆ ತಾಸು

ಸಭೆ ನಕ್ಕಾಗ ಅವರೂ ನಕ್ಕರು. ಇದು ನನ್ನ ನೆನಪು. ಮೊದಲ ಸಾಲಿನ ತುದಿಯ ಕುರ್ಚಿಯಲ್ಲಿ, ಮಡಿಕೆ ಗೆರೆ ಇನ್ನೂ ಹೋಗಿರದ ಹೊಸ ಬಿಳಿ ಅಂಗಿ ತೊಟ್ಟು ಕೂತಿದ್ದ ಅವರು, ಅಕ್ಕಪಕ್ಕದವರು ನಗುವುದನ್ನು ನೋಡಿ ತಾವೂ ಬಾಯ್ತುಂಬ ನಕ್ಕರು. ನಾನು ಇಂಗ್ಲಿಷಿನಲ್ಲಿ ತಮಾಷೆ ಮಾಡಿದ್ದು ಅವರ ಬಗ್ಗೆಯೇ ಎಂದು ಅವರಿಗೆ ತಿಳಿಯಲಿಲ್ಲ. ಆದರೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಕಣ್ಣಾರೆ ಕಂಡೆ ಎನ್ನುವವನನ್ನು ಮೊದಲು ಅನುಮಾನಿಸು ಎಂದು ವಿಶ್ವವಿದ್ಯಾಲಯ ನನಗೆ ಕಲಿಸಿತ್ತು. ಆ ಪಾಠವನ್ನು ಬೇರೆಯವರ ಮೇಲೆ ಧಾರಾಳವಾಗಿ ಬಳಸಿದೆ. ನನ್ನ ಮೇಲೆ ಬಳಸುವುದಕ್ಕೆ ಬಹಳ ತಡಮಾಡಿದೆ.

ಸಮುದ್ರದ ಕೆಲಸ ಮಾಡುವವರೆಲ್ಲ ವರ್ಷಕ್ಕೊಮ್ಮೆ ಸೇರುವ ಸಮ್ಮೇಳನ ಆ ಸಲ ಹೈದರಾಬಾದಿನಲ್ಲಿತ್ತು. ನಾನು ಇಲ್ಲಿಯ ಒಂದು ಸಣ್ಣ ಸಂಶೋಧನಾ ಕೇಂದ್ರದಲ್ಲಿ ಉಬ್ಬರವಿಳಿತದ ಅಂಕಿಗಳನ್ನು ನೋಡಿಕೊಳ್ಳುತ್ತಿದ್ದೆ. ಬಿಳಿ ಅಂಗಿಯ ಅವರು ಉತ್ತರ ಕನ್ನಡದ ಒಂದು ಮೀನುಗಾರಿಕೆ ಬಂದರಿನವರು. ದೋಣಿ ನಿಲ್ಲುವ ದಕ್ಕೆಯ ಕಂಬಕ್ಕೆ ಬಡಿದ ಅಳತೆಪಟ್ಟಿಯನ್ನು ಎರಡು ತಾಸಿಗೊಮ್ಮೆ ನೋಡಿ, ನೀರು ಎಲ್ಲಿಯವರೆಗೆ ಬಂದಿದೆ ಎಂದು ನಮ್ಮ ಕೇಂದ್ರಕ್ಕಾಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಅವರು ಮಲಗಿದಾಗ ಅವರ ಹೆಂಡತಿ ಬರೆಯುತ್ತಿದ್ದರು. ಪಕ್ಕದಲ್ಲೇ ಯಂತ್ರವೂ ಇತ್ತು. ಮನುಷ್ಯರ ಬರಹ ಯಂತ್ರಕ್ಕೆ ಎಷ್ಟು ಹೊಂದುತ್ತದೆ ಎಂದು ಹೋಲಿಸಿ ಸಮ್ಮೇಳನದಲ್ಲಿ ಹೇಳುವುದು ನನ್ನ ಪಾಲಿಗೆ ಬಂದಿತ್ತು.

ಹೊಂದಲಿಲ್ಲ. ಯಂತ್ರ ಇಳಿತ ಎಂದ ಹೊತ್ತಿಗೆ ಅವರದು ಉಬ್ಬರ, ಅದು ಉಬ್ಬರ ಎಂದಾಗ ಅವರದು ಇಳಿತ. ತಿಂಗಳುಗಟ್ಟಲೆ ಹೀಗೇ. ಮನೆಯಲ್ಲಿ ಕೂತು ಮನಸ್ಸಿಗೆ ಬಂದದ್ದು ಬರೆದಿದ್ದಾರೆ ಎಂದುಕೊಂಡೆ. ಸಂತೋಷವೂ ಆಯಿತು, ಸುಳ್ಳು ಹೇಳಬಾರದು. ಭಾಷಣಕ್ಕೆ ಒಂದು ವಿಷಯ ಸಿಕ್ಕಿತ್ತು.

ಅಷ್ಟರಲ್ಲಿ ಕರಾವಳಿಯಲ್ಲಿ ಹೀಗೆ ನೀರಿನ ಅಳತೆ ಬರೆಯುವ ಕೆಲವರನ್ನು ಸಭೆಗೆ ಅತಿಥಿಗಳಾಗಿ ಕರೆಯಬೇಕೆಂದು ಮೇಲಿನವರು ತೀರ್ಮಾನಿಸಿದರು. ಕನ್ನಡ ಬಲ್ಲವನೆಂದು ಈ ಬಂದರಿನವರನ್ನು ಕರೆತರಲು ಕಾಚಿಗೂಡ ರೈಲು ನಿಲ್ದಾಣಕ್ಕೆ ನಾನೇ ಹೋದೆ. ವಾಪಸು ಬರುವಾಗ ಆಟೋದವನಿಗೆ ಸಮ್ಮೇಳನದ ವಿಷಯ ಹೇಳಿದ್ದೇ ತಡ, ತಿರುಗಿ ನೋಡಿದ.

"ಹೈದರಾಬಾದ್ ಮೇ ಸಮುಂದರ್ ಕಾ ಜಲ್ಸಾ? ಮಜಾಕ್ ಕರ್‍ರೇ ಕ್ಯಾ ಸಾಬ್?"

"ಎಂತ ಹೇಳ್ತಾರೆ ಇವ್ರು?" ಎಂದು ಅವರು ಕೇಳಿದರು.

"ಸಮುದ್ರ ಇಲ್ಲದ ಊರಲ್ಲಿ ಸಮುದ್ರದ ಸಭೆ ಅಂತ ನಗತಾನ್ರಿ."

"ಇಲ್ಲದೇ ಇದ್ದದ್ದು ಒಳ್ಳೇದೇ ಮಾರಾಯ್ರೆ. ಇದ್ದಲ್ಲಿ ನಮಗೆ ನಿದ್ದೆ ಎಲ್ಲುಂಟು?"

ಮೆಹದಿಪಟ್ಟಣಂನ ನಮ್ಮ ಮನೆಯಲ್ಲಿ ಊಟ. ಅವರು ರೊಟ್ಟಿ ಮುರಿಯುವ ರೀತಿ ನೋಡಿ ನನ್ನ ಹೆಂಡತಿ, "ಅದೇನು ಮೀನಿನ ಬಲಿ ಹರದಂಗ ಹರೀತೀರಿ, ಇನ್ನೊಂದು ಹಾಕ್ತೀನಿ ತಗೋರಿ" ಎಂದು ಚೇಷ್ಟೆ ಮಾಡಿದಳು. ಊಟವಾದ ಮೇಲೆ ಅವರು ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನೋಟ್‌ಬುಕ್ ತೆಗೆದು ನನ್ನ ಕೈಗಿಟ್ಟರು. ನಮಗೆ ಬರುತ್ತಿದ್ದದ್ದು ಅದರ ಫೋಟೋ ಮಾತ್ರ. ಕಚೇರಿಯ ಗುಮಾಸ್ತರು ಅದನ್ನು ನೋಡಿ ಕಂಪ್ಯೂಟರಿಗೆ ಹಾಕುತ್ತಿದ್ದರು. ಮೂಲ ಪುಸ್ತಕವನ್ನು ನಾನು ಕಂಡದ್ದು ಅದೇ ಮೊದಲು. "ನಿಮ್ಮ ಹತ್ರವೇ ಇರ್ಲಿ. ಓದುವವರ ಹತ್ರ ಇದ್ರೆ ಅದಕ್ಕೆ ಬೆಲೆ" ಎಂದರು.

ಮರುದಿನ ಆ ಪುಸ್ತಕವನ್ನೂ ಚೀಲದಲ್ಲಿಟ್ಟುಕೊಂಡು ಹೋದೆ. ನನ್ನ ಸರದಿಗೆ ಮುಂಚೆ, ಸಭಾಂಗಣದ ಹೊರಗೆ ಚಹಾ ಕುಡಿಯುತ್ತ ಅವರು ತಮ್ಮೂರಿನ ಅಳಿವೆಯ ಸುದ್ದಿ ತೆಗೆದರು. ಹೊಳೆ ಸಮುದ್ರ ಸೇರುವಲ್ಲಿ ಮರಳಿನ ದಿಬ್ಬವಿದೆ, ನೀರು ತುಂಬಿದಾಗ ಮಾತ್ರ ದೋಣಿ ದಾಟುತ್ತದೆ. "ಚೌತಿಯ ಹಿಂದಿನ ದಿನ ಬೆಳಿಗ್ಗೆ ಹತ್ತಕ್ಕೆ ಅಷ್ಟೂ ದೋಣಿ ಒಟ್ಟಿಗೆ ಒಳಗೆ ಬಂದ್ವು. ಅಷ್ಟು ನೀರು ಆ ವರ್ಷ ಮತ್ತೆ ಬರ್ಲಿಲ್ಲ."

ನಾನು ಭಾಷಣಕ್ಕೆ ಆರಿಸಿಕೊಂಡಿದ್ದ ದಿನವೂ ಅದೇ. ಸಭೆಗೆಂದು ನಮ್ಮ ಗಡಿಯಾರದ ಸಮಯದಲ್ಲೇ ಬರೆದಿದ್ದ ಪರದೆಯ ಚಿತ್ರದಲ್ಲಿ ಅವರ ತುಂಬು ನೀರು ನಿಂತಿದ್ದದ್ದು ಹತ್ತಕ್ಕಲ್ಲ, ಬೆಳಗಿನ ಜಾವ ನಾಲ್ಕೂವರೆಗೆ.

ನಮ್ಮ ಯಂತ್ರಗಳು ಗ್ರೀನಿಚ್ ಸಮಯದಲ್ಲಿ ನಡೆಯುತ್ತವೆ. ನಮ್ಮ ಗಡಿಯಾರಕ್ಕಿಂತ ಅದು ಐದೂವರೆ ತಾಸು ಹಿಂದೆ. ಅವರು ಬರೆದದ್ದು ನಮ್ಮ ಸಮಯ. ಹೋಲಿಸುವ ಮೊದಲು ಅದರಲ್ಲಿ ಐದೂವರೆ ತಾಸು ಕಳೆಯಬೇಕು, ನಾನು ಕಳೆದಿದ್ದೆ. ಆದರೆ ಗುಮಾಸ್ತರು ಕಂಪ್ಯೂಟರಿಗೆ ಹಾಕುವಾಗಲೇ ಒಮ್ಮೆ ಕಳೆದಿದ್ದರು. ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು ಆರು ತಾಸು. ಹೀಗೆ ನಾನೇ ಅವರ ಸಮುದ್ರವನ್ನು ತಲೆಕೆಳಗು ಮಾಡಿಬಿಟ್ಟಿದ್ದೆ.

ಇದು ನನಗೆ ಹೊಳೆದದ್ದು ಸಮ್ಮೇಳನ ಮುಗಿದ ಒಂದು ವಾರಕ್ಕೆ ಎಂದು ಇಷ್ಟು ವರ್ಷ ನಂಬಿದ್ದೆ. ಆ ಚಹಾದ ಮಾತನ್ನು ಆಗ ಕಿವಿಗೆ ಹಾಕಿಕೊಳ್ಳಲೇ ಇಲ್ಲ ಎಂದುಕೊಂಡಿದ್ದೆ. ಹೆಂಡತಿಗೂ ಹಾಗೇ ಹೇಳಿದ್ದೆ.

ವೇದಿಕೆ ಹತ್ತಿದೆ. ಪರದೆಯ ಮೇಲೆ ಯಂತ್ರದ್ದೊಂದು, ಅವರದೊಂದು, ಎರಡು ಗೆರೆಗಳನ್ನು ತೋರಿಸಿದೆ. "ಈ ಮಹನೀಯರು ತಲೆಕೆಳಗಾಗಿ ನಿಂತು ಸಮುದ್ರ ನೋಡುತ್ತಾರೆಂದು ಕಾಣುತ್ತದೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ಅವರತ್ತ ಕೈ ತೋರಿಸಿದೆ. ಸಭೆ ನಕ್ಕಿತು.

ಸಂಜೆ ಕಾಚಿಗೂಡದ ಪ್ಲಾಟ್‌ಫಾರ್ಮಿನಲ್ಲಿ ಅವರು ಕೇಳಿದರು: "ನನ್ನ ಕಡೆ ಕೈ ತೋರಿಸಿದ್ರಲ್ಲ, ಆಗ ಎಂತ ಹೇಳಿದ್ದು?"

"ಸಮುದ್ರ ನೋಡೋದ್ರಾಗ ನಿಮ್ಮಂಥವರು ಯಾರೂ ಇಲ್ಲ ಅಂದೆ."

ಅವರು ತಕ್ಷಣ ಹೆಂಡತಿಗೆ ಫೋನು ಹಚ್ಚಿದರು. "ಹೋಯ್, ಅಷ್ಟು ದೊಡ್ಡ ಸಭೆಯಲ್ಲಿ ನನ್ನ ಹೊಗಳಿದ್ರು ಮಾರಾಯ್ತಿ! ನಿನ್ನ ಅಕ್ಷರವೂ ಅದ್ರಲ್ಲೇ ಉಂಟಲ್ಲ, ನಿಂಗೂ ಸೇರಿತು." ನಾನು ರೈಲಿನ ಡಬ್ಬಿಯ ಮೇಲಿನ ನಂಬರನ್ನು ಓದುತ್ತ ನಿಂತಿದ್ದೆ.

ಮುಂದಿನ ತಿಂಗಳು ಆ ಬಂದರಿನ ಅಳತೆ ನಂಬಲರ್ಹವಲ್ಲ ಎಂದು ಮೇಲಿನವರು ಅವರ ಕೆಲಸ ನಿಲ್ಲಿಸಿದರು. ಕಾಗದ ಹೋಗುವ ಮೊದಲು ನನ್ನನ್ನೊಂದು ಮಾತು ಕೇಳಿದ್ದರು. "ಯಂತ್ರ ಇದೆಯಲ್ಲ" ಎಂದೆ. ತಪ್ಪು ಗೊತ್ತಾದ ಮೇಲೂ ನಾನು ಮಾಡಿದ್ದು ಇಷ್ಟೇ: ಲೇಖನ ಅಚ್ಚಾಗುವಾಗ ಆ ಎರಡು ಗೆರೆಗಳ ಚಿತ್ರವನ್ನು ಸದ್ದಿಲ್ಲದೆ ಕಿತ್ತುಹಾಕಿದೆ.

ಈ ವರ್ಷ ಸಮ್ಮೇಳನದ ಆಮಂತ್ರಣ ಮತ್ತೆ ಮೇಜಿನ ಮೇಲೆ ಬಂದಾಗ ಹೆಂಡತಿ, "ಆ ರೊಟ್ಟಿ ಹರಿಯೋರು ಬರತಾರೇನ್ರಿ?" ಎಂದಳು. ಅಂದೇ ಫೋನು ಮಾಡಿದೆ. ತಪ್ಪು ನನ್ನದು, ನೀವು ಬರೆದದ್ದೆಲ್ಲ ಸರಿಯಿತ್ತು, ನನಗೆ ಗೊತ್ತಾದದ್ದು ಸಭೆ ಮುಗಿದ ಮೇಲೆ ಎಂದೆ.

"ಮನೇಲಿ ಕೂತು ಬರೀತಿದ್ದ ಅಂತ ದಕ್ಕೆಯಲ್ಲಿ ಇವತ್ತಿಗೂ ಆಡಿಕೊಳ್ತಾರೆ" ಎಂದರು. ಸಿಟ್ಟು ಮಾಡಲಿಲ್ಲ. "ಆ ಬುಕ್ಕು ಇದ್ರೆ ಕಳಿಸಿ. ನಾಲ್ಕು ಜನಕ್ಕೆ ತೋರಿಸ್ಬೇಕು. ಅವಳೂ ರಾತ್ರಿ ಎದ್ದು ಬರೆದಿದ್ದಾಳಲ್ಲ."

ಪುಸ್ತಕ ಕಪಾಟಿನಲ್ಲೇ ಇತ್ತು. ಕಟ್ಟುವ ಮೊದಲು ಚೌತಿಯ ಹಿಂದಿನ ದಿನದ ಪುಟ ತೆರೆದೆ. ಹತ್ತು ಗಂಟೆಯ ಎದುರು ಆ ತಿಂಗಳ ಅತಿ ಹೆಚ್ಚಿನ ನೀರು. ಪುಟದ ಅಡಿಯಲ್ಲಿ ಪೆನ್ಸಿಲ್ಲಿನಲ್ಲಿ ನನ್ನದೇ ಅಕ್ಷರ: "ಐದೂವರೆ. ಎರಡು ಸಲ ಕಳೆದೆನಾ? ಆಮೇಲೆ ನೋಡು, ಈಗ ಕರೆಯುತ್ತಿದ್ದಾರೆ."

ಬಹಳ ಹೊತ್ತು ನೋಡಿದೆ. ಬರೆದದ್ದು ಒಂದಿಷ್ಟೂ ನೆನಪಾಗಲಿಲ್ಲ. ಆದರೆ ಕರೆಯುತ್ತಿದ್ದದ್ದು ಎಲ್ಲಿಗೆ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ನಾನು ವೇದಿಕೆ ಹತ್ತಿದ್ದು ಗೊತ್ತಿದ್ದೇ.

ಹೆಂಡತಿ ಹೆಗಲ ಮೇಲಿಂದ ಬಗ್ಗಿ ಓದಿದಳು. "ಊರ ಮಂದಿ ಮ್ಯಾಲೆಲ್ಲಾ ಸಂಶಯ ನಿಮಗ. ಒಂದೀಟು ಮನ್ಯಾಗೂ ಇಟ್ಕೋಬೇಕಿತ್ತು" ಎಂದು ಒಳಗೆ ಹೋದಳು.

ಪುಸ್ತಕ ಕಳಿಸಲು ಅಬಿಡ್ಸ್ ಪೇಟೆಗೆ ಹೋದೆ. ಅಂಚೆ ಕಚೇರಿಗೆ ಹೋಗುವ ಮೊದಲು ಪುಸ್ತಕದಂಗಡಿಗಳ ಸಾಲಿನಲ್ಲಿ ಒಂದು ರಬ್ಬರ್ ಕೊಂಡೆ. ಒಂದೇ ಸಾಲು, ಅದೂ ಮಸುಕಾಗಿತ್ತು. ಉಜ್ಜಿದರೆ ಫೋನಿನಲ್ಲಿ ಹೇಳಿದ್ದು ನಿಜವಾಗಿಬಿಡುತ್ತಿತ್ತು. ಇನ್ನೆರಡು ವರ್ಷಕ್ಕೆ ನಾನೂ ಅದನ್ನೇ ನಂಬುತ್ತಿದ್ದೆ. ಅಂಚೆ ಕಚೇರಿಯ ಬೆಂಚಿನಲ್ಲಿ ರಬ್ಬರ್ ಕೈಯಲ್ಲಿ ಹಿಡಿದು ಕೂತೆ. ಆ ಪುಟದ ತುಂಬ ಗಂಡ ಹೆಂಡತಿ ಇಬ್ಬರ ಅಕ್ಷರ. ಎಲ್ಲೂ ಒಂದು ತಿದ್ದುಪಡಿ ಇರಲಿಲ್ಲ.

ಜೇಬಿನಿಂದ ಪೆನ್ನು ತೆಗೆದು ಪೆನ್ಸಿಲ್ ಸಾಲಿನ ಕೆಳಗೆ ಬರೆದೆ: "ಹೌದು, ಎರಡನೇ ಸಲ ಕಳೆದದ್ದು ನಾನು. ಇದು ನನಗೆ ಭಾಷಣಕ್ಕೆ ಮೊದಲೇ ಗೊತ್ತಿತ್ತು. ಫೋನಿನಲ್ಲಿ ಹೇಳಿದ್ದು ಸುಳ್ಳು. ಪ್ಲಾಟ್‌ಫಾರ್ಮಿನಲ್ಲಿ ಹೇಳಿದ್ದೂ ಸುಳ್ಳು. ಅವತ್ತು ಸಭೆ ನಕ್ಕಿದ್ದು ನಿಮ್ಮನ್ನು ನೋಡಿ, ನಗಿಸಿದ್ದು ನಾನು. ಇದನ್ನೂ ದಕ್ಕೆಯಲ್ಲಿ ತೋರಿಸಿ." ಸಹಿ ಹಾಕಿದೆ. ಆ ಪುಸ್ತಕದಲ್ಲಿ ಯಾವ ಸಾಲಿಗೂ ಹೊತ್ತು ಬರೆಯದೇ ಬಿಟ್ಟಿರಲಿಲ್ಲ. ಗೋಡೆಯ ಗಡಿಯಾರ ನೋಡಿ ನಾನೂ ಬರೆದೆ: ಬೆಳಿಗ್ಗೆ ಹನ್ನೊಂದೂಕಾಲು, ನಮ್ಮ ಸಮಯ.