ಗಿರಿಜಕ್ಕ ಹಾಡಿದಂತೆ

ನಮ್ಮ ಶಾಲೆಯಲ್ಲಿ ಸಂಗೀತದ ಕೋಣೆ ಎಂದರೆ ಸೈಕಲ್ ಸ್ಟ್ಯಾಂಡಿನ ಪಕ್ಕದ ಕೋಣೆ. ಒಂದು ಕಾಲಕ್ಕೆ ಮುರಿದ ಬೆಂಚುಗಳನ್ನು ತುಂಬಿಡುತ್ತಿದ್ದ ಜಾಗ ಅದು. ಬೆಂಚುಗಳನ್ನು ಹೊರಗೆ ಹಾಕಿಸಿ, ಗುಡಿಸಿ, ಜಮಖಾನ ಹಾಸಿ ಅದನ್ನು ಸಂಗೀತದ ಕೋಣೆ ಮಾಡಿದವರು ಗಿರಿಜಕ್ಕ. ತೆಲುಗು ಸೀಮೆಯ ಬಂದರು ಪಟ್ಟಣವೊಂದರ ಅಂಚಿನಲ್ಲಿ, ದುವ್ವಾಡ ಸ್ಟೇಷನ್ನಿಗೆ ಹತ್ತಿರದ ಆ ಪ್ರಾಥಮಿಕ ಶಾಲೆಗೆ ನಾನು ಮೂರನೇ ತರಗತಿಯ ಟೀಚರಾಗಿ ಬಂದಾಗ ಅವರು ಆಗಲೇ ಹಳಬರು. ನನ್ನ ಊರು ಹಾಸನದ ಕಡೆ, ಗಂಡ ನೌಕಾದಳದಲ್ಲಿದ್ದಾರೆ. ಮೊದಲ ದಿನ ಸ್ಟಾಫ್ ರೂಮಿನಲ್ಲಿ ತೆಲುಗು ಬಾರದೆ ನಾನು ತಡವರಿಸುತ್ತಿದ್ದಾಗ ಮೂಲೆಯಿಂದ ಒಂದು ದನಿ ಬಂತು: "ಕನ್ನಡದಾಗ ಬೈಯವ್ವಾ ತಂಗಿ, ಇಲ್ಲಿ ಯಾರಿಗೂ ತಿಳಿಯಂಗಿಲ್ಲ." ಎಲ್ಲೂ ಒಡಕಿಲ್ಲದ, ತುಂಬಿದ ದನಿ. ನಾನು ಸುಲಭಕ್ಕೆ ಯಾರನ್ನೂ ಹಚ್ಚಿಕೊಳ್ಳುವವಳಲ್ಲ, ಆದರೆ ಆ ದನಿಗೆ ಅವತ್ತೇ ಸೋತೆ.

ಗಿರಿಜಕ್ಕ ಗದಗಿನವರು. ಚಿಕ್ಕಂದಿನಿಂದ ಗುರುಗಳ ಮನೆಗೆ ಹೋಗಿ ಹಿಂದೂಸ್ತಾನಿ ಕಲಿತವರು. ಇನ್ನೇನು ಒಂದು ಕಛೇರಿ ಮಾಡಬೇಕು ಎನ್ನುವಷ್ಟರಲ್ಲಿ ಮದುವೆಯಾಯಿತು. ಗಂಡನಿಗೆ ಇಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. "ನನ್ನ ಕಛೇರಿ ಎಲ್ಲಾ ಒಗ್ಗರಣಿ ಮುಂದನ ಆಗಿಹೋದ್ವು" ಎಂದು ನಗುತ್ತಿದ್ದರು. ಒಂದು ಮಧ್ಯಾಹ್ನ ಶಿಫ್ಟಿಗೆಂದು ಹೊರಟ ಗಂಡ ಗೇಟಿನ ಹತ್ತಿರ ಕುಸಿದವರು ಏಳಲಿಲ್ಲ. ಕ್ವಾರ್ಟರ್ಸ್ ಬಿಟ್ಟುಕೊಡಬೇಕಾಯಿತು. ಮಗಳು ಪ್ರಾರ್ಥನಾಗೆ ಅಷ್ಟರಲ್ಲಿ ವಿಜಯವಾಡದ ಬ್ಯಾಂಕೊಂದರಲ್ಲಿ ಕೆಲಸ ಸಿಕ್ಕಿ, ಅಲ್ಲಿಯ ತೆಲುಗು ಹುಡುಗನೊಂದಿಗೆ ಮದುವೆಯೂ ಆಗಿತ್ತು. ಬಂದುಬಿಡು ಅಮ್ಮ ಎಂದು ಅವಳು ಕರೆದೇ ಕರೆದಳು. ಇವರು ಒಂದು ಕೋಣೆಯ ಮನೆ ಬಾಡಿಗೆ ಹಿಡಿದು ಇಲ್ಲೇ ಉಳಿದರು. "ವಾರವೆಲ್ಲಾ ಮಕ್ಕಳ ಮುಂದ ಕೂತು ಹಾಡ್ತೀನಿ. ಅದ ನನ್ನ ಕಛೇರಿ. ಅದೂ ಹೋದ್ರ ನನಗ ಏನ ಉಳೀತು, ಹೇಳು?" ಎಂದು ನನ್ನನ್ನೇ ಕೇಳುತ್ತಿದ್ದರು.

ಅವರು ಕಲಿಸುತ್ತಿದ್ದ ರೀತಿ ನೋಡಿದರೆ ಬಿ.ಎಡ್. ಮಾಡಿದ ನನಗೆ ಮೈ ಉರಿಯುತ್ತಿತ್ತು. ಬೋರ್ಡಿಲ್ಲ, ಪುಸ್ತಕವಿಲ್ಲ, ಬರೆಸುವುದಿಲ್ಲ. ಹಾರ್ಮೋನಿಯಂ ಮುಂದೆ ಕುಳಿತು ಒಂದು ಸಾಲು ಹಾಡುವುದು, ಆಮೇಲೆ ಗದಗಿನ ರಾಗದ ತೆಲುಗಿನಲ್ಲಿ "ನಾನು ಹಾಡಿದ ಹಾಗೇ ಹಾಡಿ" ಎನ್ನುವುದು, ಅಷ್ಟೇ. ಮಕ್ಕಳು ಹಾಗೇ ಹಾಡುತ್ತಿದ್ದವು. ಹಾಡುವುದೇನು, ಸಾಲಿನ ನಡುವೆ ಇವರು ಕನ್ನಡಕ ಸರಿಮಾಡಿಕೊಂಡರೆ ಇಡೀ ತರಗತಿ ಮೂಗು ಮುಟ್ಟಿಕೊಳ್ಳುತ್ತಿತ್ತು.

"ಅಕ್ಕಾ, ಈ ಕೋಣೆಗೆ ಮಂಗಗಳ ಮಠ ಅಂತ ಬೋರ್ಡ್ ಹಾಕಿಸಿಬಿಡಿ" ಎಂದಿದ್ದೆ ಒಮ್ಮೆ.

"ಮಂಗ್ಯಾಗಳ ಚಲೋ ಕಲೀತಾವ. ನಿನ್ನಂಥ ಶಾಣ್ಯಾರಿಗೆ ಕಲಸೂದ ಕಷ್ಟ" ಎಂದರು. ಮಾತಿನಲ್ಲಿ ಅವರನ್ನು ಗೆದ್ದವರಿಲ್ಲ.

ಒಂದು ವರ್ಷ ಬೇಸಿಗೆ ರಜೆಗೆ ಮುಂಚೆ ಅವರ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಥೈರಾಯ್ಡ್ ಎಂದರು. ಪ್ರಾರ್ಥನಾ ಬಂದು ವಿಜಯವಾಡಕ್ಕೆ ಕರೆದೊಯ್ದಳು, ಅಲ್ಲೇ ಆಪರೇಷನ್ ಆಯಿತು. ಗಂಟು ಕೆಟ್ಟದ್ದೇನಲ್ಲ ಎಂದು ಗೊತ್ತಾಗಿ ನಾನು ನಿಟ್ಟುಸಿರು ಬಿಟ್ಟೆ. ಆದರೆ ಗಂಟು ಬೆಳೆದದ್ದೇ ದನಿಯ ನರಕ್ಕೆ ಅಂಟಿಕೊಂಡು. ನರ ಸೋತಿದೆ, ಮೆಲ್ಲಗೆ ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದರಂತೆ ಡಾಕ್ಟರು. ಜೂನ್‌ನಲ್ಲಿ ಶಾಲೆ ಶುರುವಾದಾಗ ಗಿರಿಜಕ್ಕ ಕುತ್ತಿಗೆ ತುಂಬ ಸೆರಗು ಸುತ್ತಿಕೊಂಡು ಬಂದರು. ಬಾಯಿ ತೆರೆದರೆ ಬರೀ ಗಾಳಿ. ತಮಗೆ ನೆಗಡಿ ಎಂದು ಹೆಡ್‌ಮಾಸ್ಟರ್ ಫಣೀಂದ್ರ ಅವರಿಗೆ ಹೇಳಿದರು. ಪಾಪ, ಆ ಮನುಷ್ಯ ದಸರಾ ತನಕ ನೆಗಡಿಯನ್ನೇ ನಂಬಿದ್ದರು. ನಿಜ ಗೊತ್ತಿದ್ದದ್ದು ನನಗೊಬ್ಬಳಿಗೆ.

ತರಗತಿಯಲ್ಲಿ ಬರೀ ತಾಳ ಹಾಕಿಸುತ್ತಾ ದಿನ ದೂಡಿದರು. ದಸರಾ ಹೊತ್ತಿಗೆ ಮಾತಿನ ದನಿ ಬಂತು. ಹಾಡಿನ ದನಿ ಅರ್ಧ ಮಾತ್ರ ಬಂತು. ಕೆಳಗಿನ ಸ್ವರಗಳು ನಿಲ್ಲುತ್ತಿದ್ದವು, ಮೇಲಕ್ಕೆ ಹೋದಂತೆ ಒಡೆಯುತ್ತಿತ್ತು. ಮೊದಲು ಅವರು ಶ್ರುತಿ ಇಳಿಸಿ ನೋಡಿದರು. ತಮಗೆ ಹಗುರಾಯಿತು, ಆದರೆ ಮಕ್ಕಳ ಎಳೆಯ ಗಂಟಲುಗಳು ಅಷ್ಟು ಕೆಳಕ್ಕೆ ಇಳಿಯಲಾರದೆ ಗೊರಗೊರ ಎನ್ನತೊಡಗಿದವು. ಎರಡೇ ದಿನಕ್ಕೆ ಶ್ರುತಿಯನ್ನು ಮೊದಲಿನ ಜಾಗಕ್ಕೇ ಏರಿಸಿದರು. "ನನ್ನ ಗಂಟಲದ ಸಲುವಾಗಿ ಅವುಗಳ ಗಂಟಲ ಹಾಳು ಮಾಡಲೇನು?" ಎಂದರು.

ಶಾಲೆಯ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ಒಂದು ಹೊಸ ಹಾಡು ಕಟ್ಟುವುದು ಅವರ ಪದ್ಧತಿ. ಆ ಸಲ ಒಂದನೇ ತರಗತಿಯ ಮಕ್ಕಳಿಗೆ ಬಂದರಿನ ಕ್ರೇನಿನ ಹಾಡು ಕಟ್ಟಿದರು. ಆ ಮಕ್ಕಳಲ್ಲಿ ಅರ್ಧದಷ್ಟರ ಅಪ್ಪಂದಿರು ಬಂದರಿಗೆ ಹೋಗಿಬರುವವರೇ. ಕ್ರೇನು ಹಡಗಿನಿಂದ ಸಾಮಾನು ಎತ್ತುತ್ತದೆ, ಹಾಡಿನ ಸ್ವರವೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ತುತ್ತತುದಿಗೆ ಮೇಲಿನ ಷಡ್ಜದಲ್ಲಿ ಒಂದು ಗಳಿಗೆ ನಿಂತು ಸಾಮಾನನ್ನು ದಡಕ್ಕೆ ಇಳಿಸುತ್ತದೆ. ಆ ತುದಿಯಲ್ಲೇ ಗಿರಿಜಕ್ಕನ ದನಿ ಒಡೆಯುತ್ತಿತ್ತು. ಒಡೆದ ಕೂಡಲೇ ಕೈ ತಾನಾಗಿ ಕುತ್ತಿಗೆಗೆ ಹೋಗುತ್ತಿತ್ತು. ಒಮ್ಮೆ ಉಗುಳು ನುಂಗಿ ಕೆಳಗಿನ ಸ್ವರ ಹಿಡಿಯುತ್ತಿದ್ದರು. ನಡುವಿನ ಖಾಲಿ ಜಾಗವನ್ನು ಹಾರ್ಮೋನಿಯಂ ಜೋರಾಗಿ ಒತ್ತಿ ತುಂಬಿಸುತ್ತಿದ್ದರು. ಹೊರಗೆ ನಿಂತು ಕೇಳುವವರಿಗೆ ಎಲ್ಲ ಸರಿಯಾಗಿಯೇ ಕೇಳುತ್ತಿತ್ತು.

ಉತ್ಸವಕ್ಕೆ ವಾರವಿದ್ದಾಗ ಇಲಿ ಹಾರ್ಮೋನಿಯಂ ತಿದಿಯನ್ನು ಕಚ್ಚಿ ಹಾಕಿತು. ಪೆಟ್ಟಿಗೆ ರಿಪೇರಿಗೆಂದು ಹತ್ತಿರದ ಗಾಜುವಾಕ ಪೇಟೆಗೆ ಹೋಯಿತು. ಅದೇ ದಿನ ಫಣೀಂದ್ರ ಅವರಿಗೆ ರಿಹರ್ಸಲ್ ನೋಡುವ ಉಮೇದು ಹತ್ತಬೇಕೆ. ಪೆಟ್ಟಿಗೆ ಇಲ್ಲದಿದ್ದರೇನು, ಮಕ್ಕಳೇ ಹಾಡಲಿ ಎಂದು ಶಾಲೆಯ ಹಾಲ್‌ನಲ್ಲಿ ಸಾಲಾಗಿ ನಿಲ್ಲಿಸಿದರು. ನಾನೂ ಗಿರಿಜಕ್ಕನೂ ಮುಂದೆ ನಿಂತಿದ್ದೆವು.

ಮಕ್ಕಳು ಶುರುಮಾಡಿದವು. ಎಷ್ಟು ಚೆಂದ ಏರಿದವು ಎಂದರೆ ನನಗೇ ಹೆಮ್ಮೆ ಎನಿಸಿತು. ತುದಿಗೆ ಬಂದವು. ತುದಿಯಲ್ಲಿ ಅಷ್ಟೂ ಮಕ್ಕಳ ದನಿ ಒಟ್ಟಿಗೆ ಒಡೆಯಿತು. ಅಷ್ಟೂ ಪುಟ್ಟ ಕೈಗಳು ಕುತ್ತಿಗೆಗೆ ಹೋದವು. ಎಲ್ಲರೂ ಒಮ್ಮೆ ಉಗುಳು ನುಂಗಿ, ಕೆಳಗಿನ ಸ್ವರ ಹಿಡಿದು, ಸಾಮಾನನ್ನು ಜೋಪಾನವಾಗಿ ದಡಕ್ಕೆ ಇಳಿಸಿ, ಶಹಭಾಸ್‌ಗಿರಿಗಾಗಿ ಗಿರಿಜಕ್ಕನ ಮುಖ ನೋಡಿದವು.

ಫಣೀಂದ್ರ ಅದನ್ನು ತಮಾಷೆಯ ಅಭಿನಯ ಎಂದುಕೊಂಡು ಹೊಟ್ಟೆ ಹಿಡಿದು ನಕ್ಕರು. "ಚಾಲಾ ಬಾಗುಂದಿ ಮೇಡಂ" ಎಂದು ಹೊಗಳಿ ಹೋದರು. ಅವರ ಬೆನ್ನಿಗೆ ಒಂದು ಗುದ್ದೋಣ ಎನಿಸುವಷ್ಟು ಸಿಟ್ಟು ಬಂತು ನನಗೆ, ಅವರದೇನೂ ತಪ್ಪಿರಲಿಲ್ಲ. ಗಿರಿಜಕ್ಕನ ಮುಖದಲ್ಲಿ ರಕ್ತವಿರಲಿಲ್ಲ. ಜೂನ್‌ನಲ್ಲಷ್ಟೇ ಶಾಲೆಗೆ ಸೇರಿದ ಆ ಮಕ್ಕಳು ಅವರ ಮೊದಲಿನ ದನಿಯನ್ನು ಒಮ್ಮೆಯೂ ಕೇಳಿದವರಲ್ಲ. ಹಾಡು ಎಂದರೆ ಹೀಗೇ, ತುದಿಯಲ್ಲಿ ಒಡೆಯುವುದೇ ಅದರ ಚಂದ ಎಂದುಕೊಂಡಿದ್ದವು.

"ಅವು ಒಂಚೂರೂ ತಪ್ಪಿಲ್ಲ ನೋಡು" ಎಂದರು ಗಿರಿಜಕ್ಕ. "ನಾ ಹೆಂಗ ಹಾಡಿದ್ನೋ ಹಂಗ ಹಾಡ್ಯಾವ."

ತಿದ್ದಬೇಕಲ್ಲ, ತಿದ್ದುವುದು ಹೇಗೆ? ಬಾಯಲ್ಲಿ ಹೇಳಿದರೆ ಆ ವಯಸ್ಸಿಗೆ ತಿಳಿಯುವುದಿಲ್ಲ, ಹಾಡಿ ತೋರಿಸಲು ಆಗುವುದಿಲ್ಲ. ರಿಪೇರಿಯಾಗಿ ಬಂದ ಹಾರ್ಮೋನಿಯಂ ನುಡಿಸಿ ತೋರಿಸಿದರು. ಮಕ್ಕಳು ಪೆಟ್ಟಿಗೆಯನ್ನಲ್ಲ, ಅವರ ಬಾಯನ್ನೇ ನೋಡುತ್ತಿದ್ದವು. ಕೊನೆಗೆ ಅವರಿಗೆ ಐದನೇ ತರಗತಿಯ ಲಕ್ಷ್ಮೀಪ್ರಸನ್ನ ನೆನಪಾದಳು. ಲಾರಿ ಡ್ರೈವರೊಬ್ಬರ ಮಗಳು, ಒಂದನೇ ತರಗತಿಯಿಂದ ಇವರ ಹತ್ತಿರ ಕಲಿತವಳು. ಅವಳನ್ನು ಕರೆಸಿ, ಕಿವಿಯಲ್ಲಿ ಸ್ವರಗಳನ್ನು ಹೇಳಿ, ಚಿಕ್ಕವರ ಮುಂದೆ ನಿಲ್ಲಿಸಿದರು.

ಆ ಹುಡುಗಿ ಬಾಯಿ ತೆರೆದಳು. ಬಂದದ್ದು ಗಿರಿಜಕ್ಕನ ಹಳೆಯ ಹಾಡಿಕೆ. ಗಂಟಲು ಎಳೆಯದು ಅಷ್ಟೇ. ಏರುವ ಮುಂಚೆ ಒಮ್ಮೆ ತಡೆಯುವುದು, ತುದಿಯನ್ನು ನೇರ ಮುಟ್ಟದೆ ಕೆಳಗಿನಿಂದ ಜಾರಿ ಹೋಗಿ ಸೇರುವುದು, ಸೇರಿದ ಮೇಲೆ ಅಲ್ಲಾಡದೆ ನಿಲ್ಲುವುದು, ಎಲ್ಲವೂ ಅವರದೇ. ಆಪರೇಷನ್ನಿನಲ್ಲಿ ಹೋಯಿತು ಎಂದುಕೊಂಡಿದ್ದ ಹಾಡು ಲಾರಿ ಡ್ರೈವರನ ಮಗಳ ಬಾಯಲ್ಲಿ ಕ್ಷೇಮವಾಗಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಗಿರಿಜಕ್ಕ ಅಳಲಿಲ್ಲ, ಜಮಖಾನದ ಅಂಚನ್ನು ಹಿಡಿದುಕೊಂಡು ಕೊನೆಯ ತನಕ ಕೇಳಿದರು.

ಚಿಕ್ಕವರು ಒಂದೇ ಮಧ್ಯಾಹ್ನದಲ್ಲಿ ತಿದ್ದಿಕೊಂಡರು. ತುದಿ ಗಟ್ಟಿಯಾಗಿ ನಿಂತಿತು, ಕೈಗಳು ಕುತ್ತಿಗೆಗೆ ಹೋಗುವುದು ನಿಂತಿತು. ಸದ್ಯ, ಗಂಡಾಂತರ ಕಳೆಯಿತು ಎಂದುಕೊಂಡೆ. ಮರುದಿನ ಗಿರಿಜಕ್ಕ ಹಾರ್ಮೋನಿಯಂ ಮುಂದೆ ಕುಳಿತು, ತಾವು ಬಾಯಿ ಬಿಡದೆ ಮಕ್ಕಳಿಗೆ ಹಾಡಲು ಹೇಳಿದರು. ಏರಿದವು, ತುದಿಗೆ ಬಂದವು, ಒಡೆದವು. ಕೈಗಳು ಕುತ್ತಿಗೆಗೆ ಹೋದವು.

"ನಿನ್ನೆ ಚೆನ್ನಾಗಿ ಹಾಡಿದಿರಲ್ಲ, ಇವತ್ತೇನಾಯಿತು?" ಎಂದು ನಾನು ತೆಲುಗಿನಲ್ಲೇ ಗದರಿದೆ.

ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ ಉಂಟೇ ಮೇಡಂಲಾಗ, ಅಕ್ಕ ಉಂಟೇ ಅಕ್ಕಲಾಗ" ಎಂದಳು. ಮೇಡಂ ಇದ್ದರೆ ಮೇಡಂ ಹಾಗೆ, ಲಕ್ಷ್ಮೀಪ್ರಸನ್ನ ಅಕ್ಕ ಇದ್ದರೆ ಅಕ್ಕನ ಹಾಗೆ. ಇಷ್ಟೂ ಗೊತ್ತಾಗುವುದಿಲ್ಲವೇ ಎಂಬಂತೆ ನನ್ನನ್ನು ನೋಡಿ ಕುಳಿತಳು. ಅದರಲ್ಲಿ ತುಂಟತನವಿರಲಿಲ್ಲ, ಇದ್ದದ್ದು ಬರೀ ಪ್ರೀತಿ. ಅದಕ್ಕೆ ಯಾರಿಗೆ ಬೈಯುವುದು?

ವಾರ್ಷಿಕೋತ್ಸವದ ದಿನ ಗಿರಿಜಕ್ಕ ಹಾಲ್‌ನ ಒಳಗೆ ಬರಲಿಲ್ಲ. ಮಕ್ಕಳ ಕಣ್ಣಿಗೆ ಬೀಳಬಾರದೆಂದು ಹಿಂಬದಿಯ ಕಿಟಕಿಯ ಕೆಳಗೆ ಒಂದು ಸ್ಟೂಲು ಹಾಕಿಸಿಕೊಂಡು ಕುಳಿತರು. ವೇದಿಕೆಯ ಮೇಲೆ ಲಕ್ಷ್ಮೀಪ್ರಸನ್ನ ಮೊದಲ ಸಾಲು ಎತ್ತಿಕೊಟ್ಟಳು, ಚಿಕ್ಕವರು ಹಾಡಿದರು, ತುದಿ ಒಡೆಯಲಿಲ್ಲ. ಚಪ್ಪಾಳೆ ಮುಗಿದ ಮೇಲೆ ನಾನು ಹಿಂದಕ್ಕೆ ಓಡಿದೆ.

"ಕೇಳಿಸ್ತಾ ಅಕ್ಕ? ಎಷ್ಟು ಚೆನ್ನಾಗಿ ಹಾಡಿದ್ರು."

"ಕೇಳಿಸ್ತು. ನಾ ಇಲ್ಲಾಂದ್ರ ಚಲೋ ಹಾಡ್ತಾವ" ಎಂದರು. ಕೊಂಕಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆ ವಾರವೇ ರಾಜೀನಾಮೆ ಕೊಟ್ಟರು. ಫಣೀಂದ್ರ ಬೇಡವೆಂದು ಕೈಮುಗಿದು ಕೇಳಿಕೊಂಡರು, ನಾನು ಜಗಳವನ್ನೇ ಆಡಿದೆ. ದುವ್ವಾಡದಲ್ಲಿ ವಿಜಯವಾಡದ ರೈಲು ಹತ್ತಿಸಿ ಬರುವಾಗ ನಾನು ಅವರ ಜೊತೆ ಸರಿಯಾಗಿ ಮಾತೂ ಆಡಲಿಲ್ಲ, ಅಷ್ಟು ಸಿಟ್ಟಿತ್ತು. ಸಂಗೀತದ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟರು.

ಮೊನ್ನೆ ಸಂಬಂಧಿಕರ ಮದುವೆಗೆಂದು ವಿಜಯವಾಡಕ್ಕೆ ಹೋದವಳು ಅವರ ಮನೆಗೂ ಹೋದೆ. ಗಿರಿಜಕ್ಕ ಸ್ವಲ್ಪ ಇಳಿದಿದ್ದರು, ನಾಲಿಗೆ ಮಾತ್ರ ಹಾಗೇ ಇತ್ತು. ಪ್ರಾರ್ಥನಾಳ ಮಗಳು ಮೇಧಾಗೆ ಈಗ ಮೂರು ವರ್ಷ. ಮಧ್ಯಾಹ್ನ ಊಟವಾದ ಮೇಲೆ ನಿದ್ದೆಗಣ್ಣಲ್ಲಿ ಬಂದು ಅಜ್ಜಿಯ ತೊಡೆಯೇರಿ, "ಪಾಟ ಪಾಡು ಅಮ್ಮಮ್ಮಾ" ಎಂದಳು. ಅಜ್ಜಿ ಹಾಡಲಿಲ್ಲ. ಪಕ್ಕದಲ್ಲಿದ್ದ ಫೋನನ್ನು ಒತ್ತಿದರು, ಯಾವಳೋ ಜೋಗುಳ ಹಾಡತೊಡಗಿದಳು.

"ನೋಡಿ ಕೃಪಕ್ಕ" ಎಂದಳು ಪ್ರಾರ್ಥನಾ ನನ್ನತ್ತ ತಿರುಗಿ, ತನ್ನ ಅರ್ಧ ಕನ್ನಡದಲ್ಲಿ. "ಎಂತ ಅಡಿಗಿನಾ, ಎಷ್ಟು ಕೇಳಿದ್ರೂ ಅಮ್ಮ ಹಾಡೋದೇ ಇಲ್ಲ. ಬಂದಾಗಿನಿಂದ ಪಾಪಾಗೆ ಒಂದು ಪಾಟ ಕೂಡ ಹಾಡಲಿಲ್ಲ." ಹೇಳಿ ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

ನನ್ನ ಹಳೆಯ ಸಿಟ್ಟು ಮತ್ತೆ ಏರಿತು. "ಇದೇನಕ್ಕ ಹೀಗೆ? ಇವಳೇನು ಸ್ಟೇಜ್ ಮೇಲೆ ಹಾಡ್ಬೇಕಾ? ನಮ್ಮಜ್ಜಿ ಹಲ್ಲಿಲ್ಲದ ಬಾಯಲ್ಲಿ ಅಪಸ್ವರದಲ್ಲೇ ತೂಗಿದ್ರು ನನ್ನ. ನಾನೇನು ಕೆಟ್ಟುಹೋದ್ನಾ?"

"ಸಾಲ್ಯಾಗ ಮುಂಜಾನೆ ಪ್ರೇಯರಿಗೆ ನೀ ಹಾಡೂದ ಕೇಳೀನಿ ತಂಗಿ. ಕೆಟ್ಟೀದಿ" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ಮಗುವಿನ ಕೂದಲನ್ನು ಹಿಂದಕ್ಕೆ ಸರಿಸುತ್ತಾ ಮೆಲ್ಲಗೆ ಹೇಳಿದರು: "ಈ ವಯಸ್ಸಿನಾಗ ಕೇಳಿದ್ದೆಲ್ಲಾ ಗಂಟಲಕ್ಕ ಅಂಟಿಬಿಡ್ತೈತಿ, ನೀನ ನೋಡೀದಿ. ಕೊಡಾಕ ನನ್ನ ಹತ್ರ ಇದ್ದದ್ದು ಅದೊಂದ, ಕೃಪಾ. ಮೊಮ್ಮಗಳಿಗೆ ಅದನ್ನ ಮುರದದ್ದು ಕೊಡಲೇನು?"

ಮುರಿದದ್ದಾದರೂ ನಿಮ್ಮದಲ್ಲವೇ ಅಕ್ಕ, ಕೊಟ್ಟುಬಿಡಿ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಫೋನಿನವಳು ಒಂದು ಹಾಡು ಮುಗಿಸಿ ಇನ್ನೊಂದು ಶುರುಮಾಡಿದಳು. ಮೇಧಾ ನಿದ್ದೆ ಹೋಗುವ ತನಕ ಗಿರಿಜಕ್ಕನ ಕೈ ಅವಳ ಬೆನ್ನಿನ ಮೇಲೆ ತಾಳ ಹಾಕುತ್ತಲೇ ಇತ್ತು. ಬಾಯಿ ಮಾತ್ರ ತೆರೆಯಲಿಲ್ಲ.