ಒಂದು ನಿಮಿಷ ಮುಟ್ಟಬೇಡಿ

ನನ್ನ ಗಂಡ ಚಂದಪ್ಪ ತೀರಿಕೊಂಡು ನಾಲ್ಕು ತಿಂಗಳಾಯಿತು. ವೈಫೈ ಡಬ್ಬಿ ಕೂರಿಸುವ ಕೂಲಿ ಅವರದು. 2009ರಲ್ಲಿ ಕಾರ್ಕಳದ ಒಂದು ಹಾಸ್ಟೆಲಿನಲ್ಲಿ ಕೂರಿಸಿದರು. ಸಿಗ್ನಲ್ ಬರಲಿಲ್ಲ. ಮೇಸ್ತ್ರಿ ಮುದ್ದಣ್ಣ ಮೂರು ಸಲ ಸ್ವಿಚ್ ಆರಿಸಿ ಹಾಕಿದ.

"ಎಂತ ಮಾರಾಯ, ನಿನ್ನ ವೈರೇ ಸರಿ ಇಲ್ಲ. ನಾಳೆಯಿಂದ ಬರಬೇಡ."

"ಒಂದ್ ನಿಮಿಷ ಮುಟ್ಟಬ್ಯಾಡ್ರಿ," ಎಂದರು ಇವರು. "ಮಳಿ ನೋಡೋ ರಾಡಾರ್ ಇದೇ ಚಾನೆಲ್‌ನ್ಯಾಗ ಐತೇನಂತ ಈ ಡಬ್ಬಿ ಮೊದಲ ಒಂದ್ ನಿಮಿಷ ಕಿವಿಗೊಟ್ಟು ಕೇಳತೈತ್ರಿ. ಇದ್ದರ ಬ್ಯಾರೆ ಚಾನೆಲ್ ಹಿಡಿತೈತಿ. ನೀವು ನಡುವ ಆರಸ್ತೀರಿ, ಅದು ಮತ್ತ ಮೊದಲಿಂದ ಕೇಳತೈತಿ."

ಮಣಿಪಾಲದಲ್ಲಿ ಒಬ್ಬ ಇಂಜಿನಿಯರ್ ಹೇಳಿದ್ದನ್ನು ಇವರು ಮರೆತಿರಲಿಲ್ಲ.

ಎಲ್ಲರೂ ಗಡಿಯಾರ ನೋಡುತ್ತ ನಿಂತರು. ನಿಮಿಷ ತುಂಬಿತು, ಸಿಗ್ನಲ್ ಬಂತು. ಹಾಸ್ಟೆಲಿನವರು ಚಪ್ಪಾಳೆ ತಟ್ಟಿದರು.

"ನಾಳೆ ಕಾಪುವಿನಲ್ಲಿ ಕೆಲಸ ಉಂಟು. ನೀನೇ ಬಾ," ಎಂದ ಮುದ್ದಣ್ಣ.

ಅಂದು ಕಾಲು ತೊಳೆಯುವ ಮೊದಲೇ ಇವರು ನನಗೆ ಇದನ್ನು ಎರಡು ಸಲ ಹೇಳಿದರು.